ಪೆರು ದೇಶದ ಸಂಗೀತವೂ ರಾಷ್ಟ್ರಭಾವನೆಯೂ

ಪೆರು ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಇಂಕಾ ಅರಸರು, ಅವರ ಬಂಗಾರ, ಅದನ್ನು ದೋಚಿದ ಪಿಜಾರೊ, ಇಷ್ಟೆ. ಇತಿಹಾಸದ ಪುಸ್ತಕದಲ್ಲಿ ಒಂದೆರಡು ಪುಟಗಳೊಳಗೆ ಮುಗಿದುಹೋಗುವ ಆ ದೂರದೇಶದ ಹಾಡುಗಳ ವಿಚಾರವನ್ನು ನಮ್ಮ ಕಾಲೇಜಿನ ಸಂಚಿಕೆಗೆ ಬರೆಯಹೊರಟಿರುವುದಕ್ಕೆ ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ಹಾಡನ್ನು ‘ನಮ್ಮದು’ ಎಂದು ಎತ್ತಿಕೊಂಡು, ಅದನ್ನು ಹಾಡುವವನನ್ನು ಮಾತ್ರ ಹೊರಗೆ ನಿಲ್ಲಿಸುವುದು ಸಾಧ್ಯವೆ? ಸಾಧ್ಯವೆಂದು ಪೆರುವಿನ ಚರಿತ್ರೆ ಹೇಳುತ್ತದೆ. ರಾಷ್ಟ್ರೀಯ ಸಂಗೀತವೆಂದು ಅಲ್ಲಿ ಕರೆಸಿಕೊಂಡ ಪ್ರತಿಯೊಂದು ಹಾಡಿನ ಹಿಂದೆಯೂ ಯಾರು ಪೆರುವಿನವರು, ಯಾರು ಅಲ್ಲ ಎಂಬ ಜಗಳವೊಂದುಂಟು.

ಪೆರುವಿನ ಭೂಪಟವನ್ನು ಉದ್ದಕ್ಕೆ ಮೂರು ಪಟ್ಟಿಗಳಾಗಿ ಸೀಳಬಹುದು. ಪಶ್ಚಿಮಕ್ಕೆ ಶಾಂತಸಾಗರದ ಅಂಚಿನ ಮರಳುನಾಡು. ನಡುವೆ ಆಂಡಿಸ್ ಪರ್ವತಗಳು. ಪೂರ್ವಕ್ಕೆ ಅಮೆಜಾನಿನ ಕಾಡು. ಪಿಜಾರೊ 1535ರಲ್ಲಿ ಕಟ್ಟಿಸಿದ ಲೀಮಾ ನಗರ ಇರುವುದು ಮರಳುನಾಡಿನಲ್ಲಿ. ಅಲ್ಲಿನ ಮಾತು ಸ್ಪ್ಯಾನಿಷ್, ಅಧಿಕಾರವೂ ಅಲ್ಲಿಯೇ. ಇಂಕಾಗಳ ರಾಜಧಾನಿಯಾಗಿದ್ದ ಕುಸ್ಕೊ ಇರುವುದು ಬೆಟ್ಟದ ಮೇಲೆ. ಅಲ್ಲಿನ ಜನರ ಮನೆಮಾತು ಕೆಚುವಾ, ಇನ್ನೂ ತೆಂಕಣಕ್ಕೆ ತಿತಿಕಾಕಾ ಸರೋವರದ ಸುತ್ತ ಐಮಾರಾ. ಕಾಡಿನ ಜನಗಳ ಸಂಗೀತ ಬೇರೆಯೇ ಒಂದು ಪ್ರಪಂಚ. ಅದನ್ನು ನಾನು ಇಲ್ಲಿ ಎತ್ತಿಕೊಂಡಿಲ್ಲ. ಕರಾವಳಿಗೂ ಬೆಟ್ಟಕ್ಕೂ ನಡುವಣ ವ್ಯವಹಾರವೇ ಈ ಲೇಖನದ ವಿಷಯ.

ಈ ನಾಡಿನಲ್ಲಿ ಸಂಗೀತ ಎಷ್ಟು ಹಳೆಯದೆಂಬುದಕ್ಕೆ ಒಂದು ನಿದರ್ಶನ ಸಾಕು. ಲೀಮಾದ ಉತ್ತರಕ್ಕೆ ಕರಾಲ್ ಎಂಬ ಸ್ಥಳದಲ್ಲಿ ನೆಲವನ್ನು ಅಗೆದಾಗ ಹಕ್ಕಿಗಳ ಮೂಳೆಯಿಂದ ಮಾಡಿದ 32 ಕೊಳಲುಗಳು ಒಂದೇ ಕಡೆ ದೊರೆತವು. ಅವು ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನವು. ಎಂದರೆ ಇಂಕಾಗಳಿಗಿಂತ ಮೂರು ಸಾವಿರ ವರ್ಷಕ್ಕೂ ಮೊದಲಿನವು. ಸ್ಪೇನಿನವರು ಬರುವ ತನಕ ಅಲ್ಲಿ ಇದ್ದದ್ದೆಲ್ಲ ಊದುವ ಮತ್ತು ಬಡಿಯುವ ವಾದ್ಯಗಳೇ. ತಂತಿಯ ವಾದ್ಯಗಳು, ಹಾರ್ಪ್, ಪಿಟೀಲು, ಗಿಟಾರ್, ಹಡಗಿನಲ್ಲಿ ಬಂದವು. ಬೆಟ್ಟದವರು ಅವನ್ನು ಬೇಡವೆನ್ನಲಿಲ್ಲ. ಗಿಟಾರಿನಂಥದನ್ನೇ ಚಿಕ್ಕದು ಮಾಡಿ, ನಮ್ಮ ಚಿಪ್ಪುಹಂದಿಯನ್ನು ಹೋಲುವ ಆರ್ಮಡಿಲೊ ಎಂಬ ಪ್ರಾಣಿಯ ಚಿಪ್ಪನ್ನೇ ಬುರುಡೆಯಾಗಿ ಬಳಸಿ ಚರಾಂಗೊ ಎಂಬ ವಾದ್ಯವನ್ನು ಮಾಡಿಕೊಂಡರು. ಇಂದು ಅದಿಲ್ಲದೆ ಬೆಟ್ಟದ ಸಂಗೀತವನ್ನು ಊಹಿಸಿಕೊಳ್ಳುವುದೇ ಕಷ್ಟ.

ಐಮಾರಾ ಜನರ ಸೀಕು ಎಂಬ ವಾದ್ಯದ ಮಾತನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಉದ್ದ ಕಡಮೆಯಾಗುತ್ತ ಹೋಗುವ ಬಿದಿರು ಜಾತಿಯ ಕೊಳವೆಗಳನ್ನು ಸಾಲಾಗಿ ಕಟ್ಟಿ, ಬಾಯಿಂದ ಬಾಯಿಗೆ ಸರಿಸುತ್ತ ಊದುತ್ತಾರೆ. ಇದರ ವಿಶೇಷವೆಂದರೆ, ಒಬ್ಬನ ಕೈಯಲ್ಲಿ ಪೂರ್ತಿ ಸ್ವರಗಳು ಇರುವುದಿಲ್ಲ. ಇರಾ ಎಂಬುದರಲ್ಲಿ ಸಾಮಾನ್ಯವಾಗಿ ಆರು ಕೊಳವೆ, ಆರ್ಕಾ ಎಂಬುದರಲ್ಲಿ ಏಳು. ಸ್ವರಶ್ರೇಣಿಯಲ್ಲಿ ಒಂದು ಬಿಟ್ಟು ಒಂದು ಸ್ವರ ಇವನದು, ಉಳಿದದ್ದು ಅವನದು. ಒಬ್ಬ ಊದಿ ನಿಲ್ಲಿಸಿದಲ್ಲಿ ಇನ್ನೊಬ್ಬ ಹಿಡಿಯಬೇಕು. ಹಾಗೆ ಇಬ್ಬರು ಕೂಡಿದರೆ ಮಾತ್ರ ಒಂದು ರಾಗ ಹೊರಡುತ್ತದೆ. ಹಬ್ಬದ ದಿನ ಇಂಥ ಜೋಡಿಗಳು ಹತ್ತಾರು ಸೇರಿ ವರ್ತುಲವಾಗಿ ನಡೆಯುತ್ತ ಊದುತ್ತವೆ. ಅಲ್ಲಿ ಯಾರದೂ ತಾರಸ್ವರವಾಗಿ ಮೇಲೇಳಕೂಡದು. ಒಬ್ಬನ ಕೊಳಲು ಬೇರೆಯಾಗಿ ಕೇಳಿಸಿತೆಂದರೆ ಅದು ಆತನ ಹಿರಿಮೆಯಲ್ಲ, ದೋಷ.

ಬೆಟ್ಟದ ಹಾಡುಗಳಲ್ಲಿ ಮುಖ್ಯವಾದದ್ದು ವಾಯ್ನೊ. ಅದು ಹಾಡೂ ಹೌದು, ಕುಣಿತವೂ ಹೌದು. ಎರಡೆಣಿಕೆಯ ನಡೆ, ಒಂದು ಭಾರವಾದ ಹೆಜ್ಜೆ, ಅದರ ಹಿಂದೆ ಓಡಿಬಂದಂತೆ ಎರಡು ಚಿಕ್ಕ ಹೆಜ್ಜೆ. ಅಗಲಿಕೆ, ತಬ್ಬಲಿತನ, ಗಣಿಯ ದುಡಿಮೆ, ಕಳೆದುಹೋದ ದನ, ನದಿಯ ಪ್ರವಾಹ, ಇವೆಲ್ಲ ಅದರಲ್ಲಿ ಬರುತ್ತವೆ. ವಿಚಿತ್ರವೆಂದರೆ, ಎಷ್ಟು ದುಃಖದ ಮಾತಾದರೂ ಕಾಲು ನಿಲ್ಲುವುದಿಲ್ಲ. ಕೊನೆಯಲ್ಲಿ ಲಯ ಇನ್ನೂ ಬಿರುಸಾಗುತ್ತದೆ. ಐದೇ ಸ್ವರಗಳ ಹಾಡುಗಳು ಇದರಲ್ಲಿ ಬಹಳ. ಕರ್ನಾಟಕ ಸಂಗೀತ ಬಲ್ಲವರಿಗೆ ಹೇಳುವುದಾದರೆ ಅವು ಬಹುಮಟ್ಟಿಗೆ ಶುದ್ಧಧನ್ಯಾಸಿಯ ಐದು ಸ್ವರಗಳೇ. ಹಾಗೆಂದು ಎರಡನ್ನೂ ಒಂದೆನ್ನಬಾರದು. ಗಮಕವಿಲ್ಲದೆ ನಮ್ಮ ರಾಗವಿಲ್ಲ. ಅವರ ಹಾಡಿನ ಜೀವವಿರುವುದು ಆ ಕಾಲ್ನಡೆಯಲ್ಲಿ.

ಸ್ಪ್ಯಾನಿಷ್ ಆಳಿಕೆ ಬೆಟ್ಟದ ಸಂಗೀತವನ್ನು ಬಳಸಿಕೊಂಡದ್ದೂ ಉಂಟು, ಹೆದರಿದ್ದೂ ಉಂಟು. 1631ರಲ್ಲಿ ಲೀಮಾದಲ್ಲಿ ಅಚ್ಚಾದ ಒಂದು ಕ್ರೈಸ್ತ ವಿಧಿಗ್ರಂಥದಲ್ಲಿ ಕೆಚುವಾ ಭಾಷೆಯ ಒಂದು ಸ್ತೋತ್ರವಿದೆ. ಹಲವು ಕಂಠಗಳಿಗೆಂದು ಸ್ವರಹಾಕಿ ಅಮೆರಿಕಾ ಖಂಡಗಳಲ್ಲಿ ಅಚ್ಚುಮಾಡಿದ ಕೃತಿಗಳಲ್ಲಿ ಅದೇ ಮೊದಲನೆಯದು. ಆದರೆ ಒಂದೂವರೆ ಶತಮಾನದ ಮೇಲೆ, 1780ರಲ್ಲಿ, ಎರಡನೆಯ ತುಪಾಕ್ ಅಮಾರು ಕುಸ್ಕೊ ಪ್ರಾಂತ್ಯದಲ್ಲಿ ದಂಗೆಯೆದ್ದ. 1781ರಲ್ಲಿ ಅವನಿಗೆ ಮರಣದಂಡನೆಯನ್ನು ವಿಧಿಸಿದ ತೀರ್ಪು ಅವನ ಪ್ರಾಣದೊಂದಿಗೆ ತೃಪ್ತವಾಗಲಿಲ್ಲ. ಇಂಕಾ ಉಡುಪನ್ನು ಉಡಕೂಡದು, ಹಳೆಯ ಅರಸರ ನಾಟಕಗಳನ್ನು ಆಡಕೂಡದು, ಪುತುತು ಎಂಬ ಶಂಖವನ್ನು ಊದಕೂಡದು ಎಂದು ಅದರಲ್ಲಿಯೇ ವಿಧಿಸಲಾಯಿತು. ಶಂಖದ ಧ್ವನಿಗೆ ಒಂದು ಸಾಮ್ರಾಜ್ಯ ಬೆದರಿತೆಂದರೆ ಆ ಧ್ವನಿಯ ಅರ್ಥ ಏನಿದ್ದಿರಬೇಕು!

1821ರಲ್ಲಿ ಸ್ವಾತಂತ್ರ್ಯ ಬಂತು. ಸೇನಾನಿ ಸಾನ್ ಮಾರ್ತಿನ್ ಏರ್ಪಡಿಸಿದ ಸ್ಪರ್ಧೆಯಲ್ಲಿ ಹೊಸೆ ಬೆರ್ನಾರ್ದೊ ಅಲ್ಸೇದೊ ಎಂಬಾತನ ರಚನೆ ರಾಷ್ಟ್ರಗೀತೆಯಾಗಿ ಆಯ್ಕೆಯಾಯಿತು. ಅದು ಯೂರೋಪಿನ ಧಾಟಿಯದು, ಮಾತು ಸ್ಪ್ಯಾನಿಷ್. ಬೆಟ್ಟದ ಹಳ್ಳಿಗಳಲ್ಲಿ ಅದು ಅರ್ಥವಾಗುವವರೇ ವಿರಳ. ಅದೇ ವರ್ಷ ಅದೇ ಸಾನ್ ಮಾರ್ತಿನ್ ಇನ್ನೊಂದು ಆಜ್ಞೆಯನ್ನೂ ಹೊರಡಿಸಿದ: ಮೂಲನಿವಾಸಿಗಳನ್ನು ಇನ್ನು ಮುಂದೆ ಇಂಡಿಯನ್ನರೆಂದು ಕರೆಯಕೂಡದು, ಅವರು ಪೆರುವಿನ ಪ್ರಜೆಗಳು. ಅವರ ಮೇಲಿದ್ದ ತಲೆಗಂದಾಯವೂ ರದ್ದಾಯಿತು. ಆದರೆ 1826ರಲ್ಲಿ ಆ ಕಂದಾಯವು ಬೇರೊಂದು ಹೆಸರಿನಿಂದ ಮರಳಿ ಬಂದು 1854ರ ತನಕ ಉಳಿಯಿತು. ಪ್ರಜೆಯೆಂಬ ಹೆಸರು ಮಾತ್ರ ಕಾಗದದ ಮೇಲಿತ್ತು.

ಕರಾವಳಿಯವರಿಗೆ ತಮ್ಮ ಹಾಡಿನ ಮೇಲೆ ರಾಷ್ಟ್ರದ ಮುದ್ರೆ ಒತ್ತುವ ಹಟ ಹುಟ್ಟಿದ್ದು ಯುದ್ಧದಿಂದ. ಕರವಸ್ತ್ರವನ್ನು ಬೀಸುತ್ತ ಗಂಡುಹೆಣ್ಣು ಜೋಡಿಯಾಗಿ ಕುಣಿಯುವ ಒಂದು ನೃತ್ಯ ಅಲ್ಲಿ ಬಳಕೆಯಲ್ಲಿತ್ತು. ಸಮಾಕುವೇಕಾ ಎಂಬುದು ಅದರ ಹಳೆಯ ಹೆಸರು. ಅದು ಚಿಲಿ ದೇಶಕ್ಕೆ ಹೋಗಿ, ಅಲ್ಲಿ ಬೆಳೆದು ಹಿಂದಿರುಗಿ, ‘ಚಿಲೇನಾ’ ಎಂಬ ಹೆಸರು ಹೊತ್ತುಕೊಂಡಿತ್ತು. 1879ರಲ್ಲಿ ಚಿಲಿಯೊಡನೆ ಯುದ್ಧ ಹತ್ತಿತು. ಶತ್ರುವಿನ ಹೆಸರಿನ ನೃತ್ಯವನ್ನು ಕುಣಿಯುವುದೆಂತು? ಆಬೆಲಾರ್ದೊ ಗಮಾರ್ರಾ ಎಂಬ ಪತ್ರಿಕಾಕರ್ತ ಪೆರುವಿನ ನೌಕಾಪಡೆಯ ಗೌರವಾರ್ಥ ಅದಕ್ಕೆ ‘ಮರಿನೇರಾ’ ಎಂದು ಹೆಸರಿಟ್ಟ. ನೌಕಾಪಡೆ ಸೋತಿತು, 1881ರಲ್ಲಿ ಲೀಮಾ ಶತ್ರುವಿನ ವಶವಾಯಿತು, ಹೆಸರು ಮಾತ್ರ ಗೆದ್ದು ನಿಂತಿತು. ಇಂದು ಮರಿನೇರಾ ಪೆರುವಿನ ರಾಷ್ಟ್ರೀಯ ನೃತ್ಯ. ಅದರ ಸೋದರಿ ಕುವೇಕಾ ಚಿಲಿಯ ರಾಷ್ಟ್ರೀಯ ನೃತ್ಯ. ಒಂದೇ ತಾಯಿಯ ಮಕ್ಕಳು ಎರಡು ಬಾವುಟಗಳ ಕೆಳಗೆ ಕುಣಿಯುತ್ತಿದ್ದಾರೆ.

ಇನ್ನು ‘ಎಲ್ ಕೊಂದೋರ್ ಪಾಸಾ’ ಎಂಬ ಹೆಸರಾಂತ ಸ್ವರರಚನೆಯ ವಿಚಾರ. ಇದನ್ನು ಇಂಕಾಗಳ ಕಾಲದ ಹಾಡೆಂದು ಹೇಳುವವರನ್ನು ಈಗಲೂ ಕಾಣಬಹುದು. ಅದು ಹುಟ್ಟಿದ್ದು 1913ರ ಡಿಸೆಂಬರಿನಲ್ಲಿ, ಲೀಮಾದ ಒಂದು ನಾಟಕಶಾಲೆಯಲ್ಲಿ! ದಾನಿಯೆಲ್ ಅಲೊಮಿಯಾ ರೋಬ್ಲೆಸ್ ಎಂಬ ಸಂಗೀತಗಾರ ಬೆಟ್ಟದೂರುಗಳಲ್ಲಿ ಅಲೆದು ನೂರಾರು ಧಾಟಿಗಳನ್ನು ಬರೆದುಕೊಂಡಿದ್ದ. ಆ ಅನುಭವದಿಂದ ಅವನು ಒಂದು ಸಂಗೀತನಾಟಕಕ್ಕೆ ಸ್ವರ ಹಾಕಿದ. ನಾಟಕದ ವಸ್ತು ಗಣಿ ಕೆಲಸಗಾರರಾದ ಇಂಡಿಯನ್ನರಿಗೂ ಪರದೇಶದ ಗಣಿಯ ಒಡೆಯರಿಗೂ ನಡೆಯುವ ಹೋರಾಟ. ಕೊನೆಗೆ ಆಕಾಶದಲ್ಲಿ ಕಾಣಿಸಿಕೊಳ್ಳುವ ಕೊಂದೋರ್ ಹದ್ದು ಬಿಡುಗಡೆಯ ಕುರುಹು. ಜಗತ್ತು ಕಥೆಯನ್ನು ಮರೆತು ಧಾಟಿಯನ್ನು ಉಳಿಸಿಕೊಂಡಿತು. 1965ರಲ್ಲಿ ಪ್ಯಾರಿಸಿನಲ್ಲಿ ‘ಲೋಸ್ ಇಂಕಾಸ್’ ಎಂಬ ಮೇಳದಿಂದ ಅದನ್ನು ಕೇಳಿದ ಅಮೆರಿಕದ ಪಾಲ್ ಸೈಮನ್, ಅದು ಕರ್ತೃವಿಲ್ಲದ ಜಾನಪದವೆಂದು ನಂಬಿ, ತನ್ನ ಇಂಗ್ಲಿಷ್ ಮಾತುಗಳನ್ನು ಅದಕ್ಕೆ ಹೊಂದಿಸಿದ. 1970ರಲ್ಲಿ ಸೈಮನ್ ಮತ್ತು ಗಾರ್ಫಂಕೆಲ್ ಜೋಡಿಯ ಮುದ್ರಿಕೆ ಲೋಕವನ್ನೆಲ್ಲ ಸುತ್ತಿತು. ರೋಬ್ಲೆಸನ ಮಗ ನ್ಯಾಯಾಲಯಕ್ಕೆ ಹೋದ. ವ್ಯಾಜ್ಯ ಸೌಹಾರ್ದದಿಂದಲೇ ಮುಗಿದು ತಂದೆಯ ಹೆಸರು ಸೇರಿತು. 2004ರಲ್ಲಿ ಪೆರು ಸರ್ಕಾರ ಅದನ್ನು ರಾಷ್ಟ್ರದ ಸಾಂಸ್ಕೃತಿಕ ಸಂಪತ್ತೆಂದು ಘೋಷಿಸಿತು. ನ್ಯಾಯ ದೊರೆತದ್ದು ಸಂತೋಷವೇ. ಆದರೂ ಒಂದು ಮಾತು: ರೋಬ್ಲೆಸನ ಮಗನಿಗೆ ನ್ಯಾಯಾಲಯದ ದಾರಿ ಗೊತ್ತಿತ್ತು, ರೋಬ್ಲೆಸನಿಗೆ ಹಾಡಿ ತೋರಿಸಿದ ಹಳ್ಳಿಗರ ಹೆಸರನ್ನು ಯಾರೂ ಕೇಳಲಿಲ್ಲ.

ಇದೇ ಕಾಲಕ್ಕೆ ವಿದ್ವಾಂಸರು ಐದು ಸ್ವರದ ಸಂಗೀತವೇ ಶುದ್ಧ ಇಂಕಾ ಸಂಗೀತವೆಂಬ ಸಿದ್ಧಾಂತವನ್ನು ಕಟ್ಟತೊಡಗಿದರು. ಫ್ರಾನ್ಸಿನ ದಾರ್ಕೂರ್ ದಂಪತಿಗಳು 1925ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥ ಅದಕ್ಕೆ ಬೆಂಬಲವಾಯಿತು. ಆದರೆ ಇಂಕಾಗಳಿಗಿಂತ ಹಿಂದಿನ ನಾಸ್ಕಾ ಜನರ ಮಣ್ಣಿನ ಕೊಳಲುಗಳನ್ನು ಪರೀಕ್ಷಿಸಿದರೆ ಅವುಗಳಲ್ಲಿ ಐದಕ್ಕಿಂತ ಹೆಚ್ಚು ಸ್ವರಗಳಿವೆ. ‘ಶುದ್ಧ’ ಎಂಬ ಮಾತನ್ನು ಸಂಗೀತದಲ್ಲಿ ಯಾರು ಬಳಸಿದರೂ ನಾನು ಸ್ವಲ್ಪ ಅನುಮಾನದಿಂದಲೇ ಕೇಳುತ್ತೇನೆ.

1919ರಿಂದ 1930ರ ವರೆಗೆ ಆಳಿದ ಅಧ್ಯಕ್ಷ ಲೆಗಿಯಾ ಬೆಟ್ಟದ ಸಂಗೀತವನ್ನು ಲೀಮಾಕ್ಕೆ ಬರಮಾಡಿಕೊಂಡ. ನಗರದ ಹೊರಗಿನ ಅಮಾಂಕಾಯೆಸ್ ಬಯಲಿನಲ್ಲಿ ಜೂನ್ ತಿಂಗಳ ಸಂತ ಜಾನ್ ಹಬ್ಬಕ್ಕೆ ಜನ ಸೇರುವ ರೂಢಿಯಿತ್ತು. 1927ರಲ್ಲಿ ಅಲ್ಲಿ ಪ್ರಾಂತ್ಯಗಳ ಸಂಗೀತಗಾರರ ಸ್ಪರ್ಧೆ ಏರ್ಪಟ್ಟಿತು. ಅಧ್ಯಕ್ಷನೇ ಬಂದು ಕುಳಿತ. ಬಹುಮಾನಗಳಾದವು, ಪತ್ರಿಕೆಗಳು ಹೊಗಳಿದವು. ಇದೇ ಲೆಗಿಯಾನ ಆಳಿಕೆಯಲ್ಲಿ 1920ರ ಕಾನೂನೊಂದರ ಪ್ರಕಾರ ಗಂಡಸರು ವರ್ಷಕ್ಕೆ ಇಷ್ಟು ದಿನವೆಂದು ರಸ್ತೆಯ ಕೆಲಸವನ್ನು ಕಡ್ಡಾಯವಾಗಿ ಮಾಡಬೇಕಾಗಿತ್ತು. ಕಾನೂನು ಎಲ್ಲರಿಗೂ ಎಂದಿದ್ದರೂ, ಹಣ ತೆತ್ತು ಬಿಡಿಸಿಕೊಳ್ಳುವ ಶಕ್ತಿಯಿಲ್ಲದ ಇಂಡಿಯನ್ನರ ಬೆನ್ನ ಮೇಲೆಯೇ ಅದರ ಭಾರ ಬಿತ್ತು. ಒಂದು ಕೈಯಿಂದ ಪದಕ, ಇನ್ನೊಂದು ಕೈಯಿಂದ ಬಿಟ್ಟಿ ಬೇಗಾರಿ!

ಲೀಮಾದ ಬಡ ಕೇರಿಗಳಲ್ಲಿ ಈ ಮಧ್ಯೆ ಬೇರೊಂದು ಸಂಗೀತ ಬೆಳೆಯುತ್ತಿತ್ತು. ವಿಯೆನ್ನಾದ ವಾಲ್ಟ್ಸ್ ನೃತ್ಯ ಅಲ್ಲಿನ ಕೂಲಿಕಾರರ ಓಣಿಗಳಿಗೆ ಇಳಿದು, ಗಿಟಾರಿನೊಂದಿಗೆ ಬೆರೆತು, ‘ವಾಲ್ಸ್ ಕ್ರಿಯೋಯೊ’ ಆಯಿತು. ಫೆಲಿಪೆ ಪಿಂಗ್ಲೊ ಆಲ್ವಾ ಎಂಬ ಕವಿಗಾಯಕ ಬಡವನೊಬ್ಬನು ಸಿರಿವಂತರ ಮನೆಯ ಹುಡುಗಿಯನ್ನು ಪ್ರೀತಿಸಿದ ದುಃಖವನ್ನು ಅದರಲ್ಲಿ ಹಾಡಿ, 1936ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡ. ಅಂದು ಮೂಗು ಮುರಿದ ದೊಡ್ಡ ಮನೆಗಳೇ ಆಮೇಲೆ ಅದನ್ನು ಮೆಚ್ಚಿದವು. 1944ರಲ್ಲಿ ಅಧ್ಯಕ್ಷ ಪ್ರಾದೊ ಅಕ್ಟೋಬರ್ 31ನ್ನು ‘ಕ್ರಿಯೋಯೊ ಗೀತೆಯ ದಿನ’ವೆಂದು ಸಾರಿದ. ಚಬೂಕಾ ಗ್ರಾಂದಾ 1950ರಲ್ಲಿ ರಚಿಸಿದ ‘ಲಾ ಫ್ಲೋರ್ ದೆ ಲಾ ಕನೇಲಾ’ ಲೀಮಾ ನಗರಕ್ಕೆ ಎರಡನೆಯ ರಾಷ್ಟ್ರಗೀತೆಯಂತಾಯಿತು. ಆದರೆ ರಾಷ್ಟ್ರಸಂಗೀತವೆಂದು ಹೆಸರಾದ ಈ ಹಾಡಿನಲ್ಲಿ ಬೆಟ್ಟಕ್ಕೆ ಸ್ಥಾನವೇ ಇರಲಿಲ್ಲ.

ಬೆಟ್ಟದ ಹಾಡನ್ನು ಬೆಟ್ಟದವರ ಜತೆಗೆ ನಿಂತು ಎತ್ತಿಹಿಡಿದವರಲ್ಲಿ ಹೊಸೆ ಮಾರಿಯಾ ಆರ್ಗೇದಾಸ್ ಹೆಸರನ್ನು ನಾನು ಮೊದಲು ಹೇಳುತ್ತೇನೆ. 1911ರಲ್ಲಿ ಹುಟ್ಟಿದ ಇವರು ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡರು. ಮಲತಾಯಿ ಇವರನ್ನು ಮನೆಯಾಳುಗಳೊಡನೆ ಅಡುಗೆಮನೆಗೆ ತಳ್ಳಿದಳು. ಆ ಕೆಚುವಾ ಆಳುಗಳೇ ಹುಡುಗನಿಗೆ ಅನ್ನ, ಮಾತು, ಹಾಡು ಕೊಟ್ಟವರು. ಮುಂದೆ ಇವರು ದೊಡ್ಡ ಕಾದಂಬರಿಕಾರರೂ ಮಾನವಶಾಸ್ತ್ರಜ್ಞರೂ ಆದರು. 1938ರಲ್ಲಿ ಕೆಚುವಾ ಹಾಡುಗಳನ್ನು ಸ್ಪ್ಯಾನಿಷಿಗೆ ತಂದು ಪ್ರಕಟಿಸಿದರು. ಶಿಕ್ಷಣ ಇಲಾಖೆಯಲ್ಲಿದ್ದಾಗ, 1940ರ ದಶಕದ ಕೊನೆಯಲ್ಲಿ, ವಾಯ್ನೊ ಹಾಡುಗಳನ್ನು ಗ್ರಾಮಫೋನ್ ತಟ್ಟೆಗಳಲ್ಲಿ ತರುವಂತೆ ಓದೆಯೋನ್ ಕಂಪೆನಿಯನ್ನು ಒಪ್ಪಿಸಿದರು. ಈ ಹಾಡಿಗೆ ಕೊಳ್ಳುವವರು ಉಂಟೆ ಎಂಬ ಸಂಶಯ ಬೇಗನೆ ಕರಗಿತು. ತಟ್ಟೆಗಳು ಮಾರಾಟವಾದವು.

ಕೊಂಡವರು ಯಾರು? ಲೀಮಾಕ್ಕೆ ಗುಳೆ ಬಂದ ಬೆಟ್ಟದವರು. 1940ರಲ್ಲಿ ಆರೇಳು ಲಕ್ಷವಿದ್ದ ನಗರದ ಜನಸಂಖ್ಯೆ 1972ರ ವೇಳೆಗೆ ಮೂವತ್ತು ಲಕ್ಷವನ್ನು ದಾಟಿತ್ತು. ಮನೆಗೆಲಸದ ಹೆಣ್ಣುಮಕ್ಕಳು, ಗಾರೆಯವರು, ಬೀದಿಯ ಮಾರಾಟಗಾರರು ವಾರವೆಲ್ಲ ತಮ್ಮ ಮಾತನ್ನು ಬಚ್ಚಿಟ್ಟುಕೊಂಡು ಬದುಕುತ್ತಿದ್ದರು. ‘ಬೆಟ್ಟದವನು’ ಎಂಬ ಮಾತೇ ನಗರದಲ್ಲಿ ಬೈಗುಳವಾಗಿತ್ತು. ಭಾನುವಾರ ಮಾತ್ರ ‘ಕೊಲಿಸೇಯೊ’ ಎಂಬ, ಸರ್ಕಸ್ ಡೇರೆಯಂಥ ಆವರಣಗಳಲ್ಲಿ ಇವರೆಲ್ಲ ಸೇರುತ್ತಿದ್ದರು. ಅಲ್ಲಿ ‘ಆಂಡಿಸಿನ ಹೂಹಕ್ಕಿ’, ‘ವಾಸ್ಕರಾನಿನ ಹಾಡುಹಕ್ಕಿ’ ಎಂಬ ಅರ್ಥದ ಹೆಸರುಗಳನ್ನು ಇಟ್ಟುಕೊಂಡ ಗಾಯಕರು ಹಾಡುತ್ತಿದ್ದರು. ಹಾರ್ಪ್, ಪಿಟೀಲುಗಳ ಜತೆಗೆ ಮಂತಾರೊ ಕಣಿವೆಯವರು ಸ್ಯಾಕ್ಸೊಫೋನನ್ನೂ ತಂದರು. ರೇಡಿಯೋದಲ್ಲಿ ವಾಯ್ನೊ ಬರುತ್ತಿದ್ದದ್ದು ಇನ್ನೂ ಬೆಳಕು ಹರಿಯದ ಮುಂಜಾನೆಯಲ್ಲಿ. ದೊಡ್ಡ ಮನೆಗಳು ಏಳುವ ಮೊದಲು, ಅವುಗಳ ಆಳುಗಳು ಎದ್ದಾಗ.

ಇವರಲ್ಲಿ ಓದುಬರಹ ಬಾರದವರಿಗೆ ಮತದಾನದ ಹಕ್ಕಿರಲಿಲ್ಲ. ಕೆಚುವಾ ಮಾತ್ರ ಬಲ್ಲ ಹಳ್ಳಿಗರಲ್ಲಿ ಬಹುಪಾಲು ಜನ ಇದರಿಂದಲೇ ಹೊರಗುಳಿದಿದ್ದರು. ಅವರ ಹಾಡಿಗೆ ಪದಕ ಸಿಕ್ಕಿ ಐವತ್ತು ವರ್ಷವಾದರೂ ಅವರಿಗೆ ಮತಪತ್ರ ಸಿಕ್ಕಿರಲಿಲ್ಲ. 1978ರಲ್ಲಿ ಹೊಸ ಸಂವಿಧಾನವನ್ನು ರಚಿಸುವ ಸಭೆಗೆ ಚುನಾವಣೆ ನಡೆದಾಗ ಆಯ್ಕೆಯಾದ ಸದಸ್ಯರಲ್ಲಿ ಎರ್ನೆಸ್ತೊ ಸಾಂಚೆಸ್ ಫಹಾರ್ದೊ ಎಂಬವರೊಬ್ಬರು. ಜನರಿಗೆ ಆ ಹೆಸರು ಅಷ್ಟಾಗಿ ಗೊತ್ತಿಲ್ಲ. ಅವರೇ ಕೊಲಿಸೇಯೊಗಳ ‘ವಾಸ್ಕರಾನಿನ ಹಾಡುಹಕ್ಕಿ’. ಆ ಸಭೆ ರಚಿಸಿದ 1979ರ ಸಂವಿಧಾನ ನಿರಕ್ಷರರಿಗೂ ಮತವನ್ನು ಕೊಟ್ಟಿತು. 1980ರಲ್ಲಿ ಅವರು ಮತ ಹಾಕಿದರು.

ಆರ್ಗೇದಾಸರು ಅದನ್ನು ನೋಡಲಿಲ್ಲ. 1969ರ ಡಿಸೆಂಬರಿನಲ್ಲಿ ಅವರು ತಮ್ಮ ಕೈಯಿಂದಲೇ ಪ್ರಾಣ ಕಳೆದುಕೊಂಡರು. ಅವರ ಇಚ್ಛೆಯಂತೆ ಮಾಕ್ಸಿಮೊ ದಮಿಯಾನ್ ಎಂಬ ಹಳ್ಳಿಯ ಪಿಟೀಲುಗಾರ ಗೆಳೆಯ ಅಂತ್ಯಯಾತ್ರೆಯಲ್ಲಿ ನುಡಿಸಿದ. ಆರ್ಗೇದಾಸರ ಕೊನೆಯ ಕಾದಂಬರಿ ಅರ್ಪಿತವಾದವರಲ್ಲಿ ಈತನೂ ಒಬ್ಬ.

ಕರಾವಳಿಯ ಕಪ್ಪುಜನರ ಕಥೆ ಇನ್ನೂ ಕಠಿನ. ಆಫ್ರಿಕಾದಿಂದ ಗುಲಾಮರಾಗಿ ಬಂದ ಅವರ ಬಿಡುಗಡೆಯಾದದ್ದು 1854ರಲ್ಲಿ. ಬೆಟ್ಟದವರಿಗೆ ಊರು, ಭಾಷೆ ಉಳಿದಿದ್ದವು. ಇವರಿಗೆ ಎರಡೂ ಇಲ್ಲ. ಕುಳಿತು ಕೈಯಿಂದ ಬಡಿಯುವ ಮರದ ಪೆಟ್ಟಿಗೆ, ಕಹೋನ್, ಅವರ ವಾದ್ಯ. ನಿಕೊಮೇದೆಸ್ ಸಾಂತಾ ಕ್ರೂಸ್ ಮತ್ತು ಆತನ ಅಕ್ಕ ವಿಕ್ತೋರಿಯಾ 1950ರ ದಶಕದ ಕೊನೆಯಿಂದ ಮುದುಕರ ನೆನಪಿನ ಚೂರುಗಳನ್ನು ಆಯ್ದು, ಮರೆತುಹೋದ ಹಾಡು ಕುಣಿತಗಳನ್ನು ಮತ್ತೆ ಕಟ್ಟಿದರು. ಅದರಲ್ಲಿ ನೆನಪೆಷ್ಟು, ಕಲ್ಪನೆಯೆಷ್ಟು ಎಂದು ಪಂಡಿತರು ಚರ್ಚಿಸುತ್ತಾರೆ. ಕಸಿದುಕೊಂಡವರ ಮಕ್ಕಳು ಕಳೆದುಕೊಂಡವರನ್ನು ದಾಖಲೆ ತೋರಿಸೆಂದು ಕೇಳುವುದು ಅಷ್ಟು ಚೆನ್ನಾಗಿ ಕಾಣುವುದಿಲ್ಲ. 2001ರಲ್ಲಿ ಕಹೋನ್ ರಾಷ್ಟ್ರದ ಸಾಂಸ್ಕೃತಿಕ ಸಂಪತ್ತೆನಿಸಿತು. 2011ರಲ್ಲಿ ಇದೇ ಪರಂಪರೆಯ ಗಾಯಕಿ ಸುಸಾನಾ ಬಾಕಾ ಸಂಸ್ಕೃತಿ ಖಾತೆಯ ಮಂತ್ರಿಣಿಯಾದರು.

ವಿದ್ಯಾರ್ಥಿಗಳಾದ ನಮಗೆ ಹತ್ತಿರವಾದ ಒಂದು ಹಾಡಿನ ವಿಚಾರ ಉಳಿದಿದೆ. 1969ರಲ್ಲಿ ವೆಲಾಸ್ಕೊ ಎಂಬ ಸೇನಾನಿಯ ಸರ್ಕಾರ, ಪರೀಕ್ಷೆಯಲ್ಲಿ ನಪಾಸಾದ ವಿದ್ಯಾರ್ಥಿಗಳು ಶುಲ್ಕ ತೆರಬೇಕೆಂದು ಆಜ್ಞೆ ಮಾಡಿತು. ಅಯಾಕುಚೊ ಪ್ರಾಂತ್ಯದ ವಾಂತಾ ಪಟ್ಟಣದಲ್ಲಿ ಬಡವರ ಮಕ್ಕಳೂ ಅವರ ತಂದೆತಾಯಿಗಳೂ ಬೀದಿಗಿಳಿದರು. ಜೂನ್ ತಿಂಗಳಲ್ಲಿ ಪೊಲೀಸರು ಗುಂಡು ಹಾರಿಸಿ ಹಲವರು ಸತ್ತರು. ಅದೇ ಸರ್ಕಾರ ಅದೇ ಜೂನ್ 24ರಂದು ಜಮೀನ್ದಾರರ ಭೂಮಿಯನ್ನು ರೈತರಿಗೆ ಹಂಚುವ ಕಾನೂನನ್ನು ಹೊರಡಿಸಿತು. 1975ರಲ್ಲಿ ಕೆಚುವಾವನ್ನು ಸ್ಪ್ಯಾನಿಷಿನ ಜತೆಗೆ ಅಧಿಕೃತ ಭಾಷೆಯನ್ನಾಗಿಯೂ ಮಾಡಿತು. ಒಳಿತು ಕೆಡುಕುಗಳು ಹೀಗೆ ಒಂದೇ ಗಂಟಿನಲ್ಲಿ ಬಂದವು. ವಾಂತಾದಲ್ಲಿ ಸತ್ತವರನ್ನು ನೆನೆದು ರಿಕಾರ್ಡೊ ದೊಲೊರಿಯೆರ್ ಎಂಬ ಅಧ್ಯಾಪಕರು ‘ಫ್ಲೋರ್ ದೆ ರೆತಾಮಾ’ ಎಂಬ ವಾಯ್ನೊ ಕಟ್ಟಿದರು. ರೆತಾಮಾ ಎಂದರೆ ಅಲ್ಲಿನ ಬೇಲಿಗಳಲ್ಲಿ ಬಿಡುವ ಒಂದು ಹಳದಿ ಹೂವು.

1980ರಲ್ಲಿ ಇದೇ ಅಯಾಕುಚೊದಲ್ಲಿ ‘ಹೊಳೆಯುವ ದಾರಿ’ ಎಂಬ ಹೆಸರಿನ ಉಗ್ರಪಕ್ಷ ಸಶಸ್ತ್ರ ಯುದ್ಧವನ್ನು ಹೂಡಿತು, ಸೈನ್ಯ ಬಂತು. 2000ದ ವರೆಗಿನ ಸಾವುಗಳನ್ನು ವಿಚಾರಿಸಿದ ಸತ್ಯಶೋಧನಾ ಆಯೋಗ 2003ರಲ್ಲಿ ಸತ್ತವರ ಸಂಖ್ಯೆಯನ್ನು ಸುಮಾರು 69,000 ಎಂದು ಅಂದಾಜು ಮಾಡಿತು. ಅವರಲ್ಲಿ ನಾಲ್ವರಲ್ಲಿ ಮೂವರು ಕೆಚುವಾ ಮುಂತಾದ ನಾಡಭಾಷೆಗಳ ಮನೆಯವರು. ಇಷ್ಟು ಜನ ಸತ್ತದ್ದು ರಾಜಧಾನಿಗೆ ಬಹುಕಾಲ ಸರಿಯಾಗಿ ತಿಳಿಯಲೇ ಇಲ್ಲವೆಂಬುದನ್ನು ಆಯೋಗವೇ ದುಃಖದಿಂದ ಗುರುತಿಸಿದೆ. ಆ ವರ್ಷಗಳಲ್ಲಿ ರೆತಾಮಾ ಹೂವಿನ ಹಾಡನ್ನು ಹಾಡುವವರು ಸಂಶಯಕ್ಕೆ ಗುರಿಯಾದರು. ಮೆರವಣಿಗೆಗಳಲ್ಲಿ ಜನ ಅದನ್ನು ಈಗಲೂ ಹಾಡುತ್ತಾರೆ.

ಲೀಮಾದಲ್ಲಿ ಹುಟ್ಟಿದ ಬೆಟ್ಟದವರ ಮಕ್ಕಳು 1970 ಮತ್ತು 80ರ ದಶಕಗಳಲ್ಲಿ ವಾಯ್ನೊ ಧಾಟಿಯನ್ನು ಕೊಲಂಬಿಯದ ಕುಂಬಿಯಾ ಲಯಕ್ಕೂ ವಿದ್ಯುತ್ ಗಿಟಾರಿಗೂ ಕೂಡಿಸಿ ‘ಚಿಚಾ’ ಎಂಬ ಹೊಸ ಸಂಗೀತವನ್ನು ಮಾಡಿಕೊಂಡರು. ಪಂಡಿತರು ಇದನ್ನು ಕಲಬೆರಕೆ ಎಂದರು. ಚರಾಂಗೊವನ್ನೂ ಒಂದು ಕಾಲದಲ್ಲಿ ಹೀಗೆಯೇ ಅಂದಿದ್ದಿರಬಹುದು.

2017ರ ಜನಗಣತಿಯಲ್ಲಿ ಸುಮಾರು 37 ಲಕ್ಷ ಜನ ತಮ್ಮ ತಾಯ್ನುಡಿ ಕೆಚುವಾ ಎಂದು ಬರೆಸಿದ್ದಾರೆ. ಅಯಾಕುಚೊದಲ್ಲಿ 2001ರಲ್ಲಿ ಹುಟ್ಟಿದ ರೆನಾತಾ ಫ್ಲೋರೆಸ್ ಎಂಬಾಕೆ 2015ರಲ್ಲಿ, ಇನ್ನೂ ಶಾಲೆಯ ಹುಡುಗಿಯಾಗಿದ್ದಾಗ, ಮೈಕೆಲ್ ಜಾಕ್ಸನ್ನನ ಒಂದು ಹಾಡನ್ನು ಕೆಚುವಾದಲ್ಲಿ ಹಾಡಿ ಹೆಸರಾದಳು. ಆಮೇಲೆ ತನ್ನದೇ ಮಾತುಗಳನ್ನು ಕಟ್ಟಿ, ರ‍್ಯಾಪ್ ಧಾಟಿಯಲ್ಲಿ, ಅದೇ ಭಾಷೆಯಲ್ಲಿ ಹಾಡತೊಡಗಿದಳು. ಅವಳ ಹಾಡನ್ನು ಲೀಮಾದವರೂ ಕೇಳುತ್ತಾರೆ. ಮುಂಜಾನೆಯ ಕತ್ತಲಲ್ಲಿ ಅಲ್ಲ, ಯಾವ ಹೊತ್ತಿನಲ್ಲಾದರೂ.